ಚಿಂಚೋಳಿ ಗಾಡಿಯ ಎರಡು ತೂತು

ಹೋದ ತಿಂಗಳು ಚಿತ್ತಾಪುರದಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುವ ವಿದ್ಯಾರ್ಥಿಗಳ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ಮೂವತ್ನಾಲ್ಕು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿದವನಿಗೆ ನಿಂತು ಮಾತಾಡುವುದು ಬರುವುದಿಲ್ಲ. ಏನೇನೋ ಹೇಳಿದೆ. ಕೊನೆಗೆ ಒಬ್ಬಾಕೆ ಎದ್ದು, “ಸರ್, ನಿಮ್ಮ ಕೈಲಿಂದ ದೊಡ್ಡ ತಪ್ಪು ಏನಾರ ಆಗ್ಯದೇನ್ರಿ?” ಎಂದು ಕೇಳಿದಳು. “ಆಗ್ಯದ” ಅಂದೆ. ಅಷ್ಟರಲ್ಲಿ ವೇಳೆ ಮುಗಿಯಿತು, ಹಾರ ಹಾಕಿ ಕಳಿಸಿದರು. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅದಕ್ಕೆ ಈ ಬರಹ. ನನ್ನ ಬಡ್ತಿ, ಸನ್ಮಾನ ಇತ್ಯಾದಿ ಇದರಲ್ಲಿ ಇಲ್ಲ. ಅವು ಸೇವಾ ಪುಸ್ತಕದಲ್ಲಿವೆ, ಬೇಕಾದವರು ಅಲ್ಲಿ ನೋಡಬಹುದು.

ನಮ್ಮ ವರ್ಕ್‌ಶಾಪ್ ಶಹಾಬಾದಿನಲ್ಲಿತ್ತು. ಚಿತ್ತಾಪುರ, ವಾಡಿ, ಸೇಡಂ, ಚಿಂಚೋಳಿ ಕಡೆಯ ಸರಕಾರಿ ಜೀಪುಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ನೆಲಕ್ಕೆಲ್ಲ ನಮ್ಮೂರಿನದೇ ಪರಸಿ ಕಲ್ಲು ಹಾಸಿತ್ತು. ಬೇಸಿಗೆಯಲ್ಲಿ ಅದರ ತಂಪಿಗೆ ಬೆನ್ನಿಟ್ಟರೆ ಏಳಲು ಮನಸ್ಸಾಗುತ್ತಿರಲಿಲ್ಲ. ಫೋರ್‌ಮನ್ ಇಬ್ರಾಹಿಂ ಸಾಬರು. ಎಣ್ಣೆ, ಮಸಿಯ ನಡುವೆ ದಿನವೆಲ್ಲ ಓಡಾಡಿದರೂ ಅವರ ಬಿಳಿ ಅಂಗಿಯ ಮೇಲೆ ಒಂದು ಕಲೆ ಇರುತ್ತಿರಲಿಲ್ಲ. ಕಸ ಹೊಡೆಯುವವರಿಗೂ ‘ನೀವು’ ಅನ್ನುತ್ತಿದ್ದರು. ಬೈದದ್ದನ್ನು ನಾನು ಕೇಳಿಲ್ಲ. ಅವರು ಸುಮ್ಮನಾದರೆಂದರೆ ಮಾತ್ರ ನಮಗೆ ಭಯ.

ನಾನು ಸೇರಿದ ಹೊಸದರಲ್ಲಿ ಸೇಡಂನಿಂದ ಒಂದು ಜೀಪು ಬಂತು. ಕೆಳಗಿನಿಂದ ಕಟಕಟ ಸಪ್ಪಳ. ಕಲಿತು ಬಂದ ಹುರುಪಿನಲ್ಲಿ ನಾನು ಗೇರ್‌ಬಾಕ್ಸನ್ನೇ ಬಿಚ್ಚಿ ಕೆಳಗಿಳಿಸಿದೆ. ಎರಡು ದಿನ ಹಲ್ಲು ಹಲ್ಲು ಎಣಿಸಿದೆ, ಏನೂ ಸಿಗಲಿಲ್ಲ. ಇಬ್ರಾಹಿಂ ಸಾಬರು ಬಂದು ಡ್ರೈವರನ್ನು ಕೇಳಿದರು.

“ಸಪ್ಪಳ ಯಾವಾಗ ಬರ್ತದ್ರಿ?”

“ನಾ ಒಬ್ನೇ ಇದ್ದಾಗ್ರಿ. ಹಿಂದ ಮಂದಿ ಕುಂತ್ರ ಬರಂಗಿಲ್ಲ.”

ಸಾಬರು ಹಿಂದಿನ ಸೀಟು ಎತ್ತಿದರು. ಅದರ ಕೆಳಗೆ ಜಾಕ್ ಸಡಿಲಾಗಿ ಬಿದ್ದಿತ್ತು. ಅದನ್ನು ಹಗ್ಗದಿಂದ ಬಿಗಿದು, “ಗೇರ್‌ಬಾಕ್ಸ್ ಹಾಕ್ರಿ” ಎಂದು ನನಗೆ ಹೇಳಿ ಹೋದರು. ಅಷ್ಟೇ. ಇದರಿಂದ ನಾನು ಪಾಠ ಕಲಿತೆ ಎಂದು ಬರೆಯಬೇಕಿತ್ತು. ಕಲಿಯಲಿಲ್ಲ. ಚಿಂಚೋಳಿ ಗಾಡಿ ಬರುವ ಹೊತ್ತಿಗೆ ನನಗೆ ಹದಿನೈದು ವರ್ಷದ ಅನುಭವ ಆಗಿತ್ತು, ಜೊತೆಗೆ ಅಷ್ಟೇ ವರ್ಷದ ಸೊಕ್ಕೂ ಬೆಳೆದಿತ್ತು.

ಚಿಂಚೋಳಿ ಗಾಡಿ ಎಂದರೆ ನಮ್ಮಲ್ಲಿ ಒಂದೇ. ಗುಡ್ಡದ ಹಳ್ಳಿಗಳಿಗೂ ತಾಂಡಾಗಳಿಗೂ ಹೋಗುವ ಸಂಚಾರಿ ದವಾಖಾನೆಯ ಜೀಪು. ಡೀಸೆಲ್ ಎಂಜಿನ್, ನಾಲ್ಕೂ ಗಾಲಿಗೆ ಬಲ ಹೋಗುವಂಥದ್ದು. ಆಗಲೇ ಹಳೆಯದಾಗಿತ್ತು. ಬಾಗಿಲು ಮುಚ್ಚಿದರೆ ಎಲ್ಲಿಂದಲೋ ತುಕ್ಕು ಉದುರುತ್ತಿತ್ತು. ಆದರೆ ಮಳೆಗಾಲದಲ್ಲಿ ಆ ಕೆಸರಿನ ಏರನ್ನು ಹತ್ತುವ ಇನ್ನೊಂದು ಗಾಡಿ ಆ ಭಾಗದಲ್ಲಿ ಇರಲಿಲ್ಲ. ಓಡಿಸುತ್ತಿದ್ದವರು ಕೊಡ್ಲಿಯ ಭೀಮಶಾ. ಭಾಳ ಕಡಿಮೆ ಮಾತಿನವರು. ಅದರಲ್ಲಿ ಹೋಗುತ್ತಿದ್ದ ನರ್ಸ್ ಸುಲೇಪೇಟದ ಸುಶೀಲಾಬಾಯಿ. ಅವರ ಹೆಸರು ಕೇಳಿದ್ದೆ, ನೋಡಿರಲಿಲ್ಲ.

ಮೊದಲ ಸಲ ಭೀಮಶಾ ಗಾಡಿ ತಂದಾಗ ಹೇಳಿದ್ದು ಒಂದೇ ಮಾತು. “ಏರಿನಾಗ ಬಂದ್ ಬೀಳ್ತದ್ರಿ.”

ಏರಿನಲ್ಲಿ ಎಂಜಿನ್ ನಿಲ್ಲುತ್ತದೆ ಎಂದರೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿ ಕಳಿಸಿದೆ. ಎಂಟು ದಿನಕ್ಕೆ ಮತ್ತೆ ಬಂತು. ಡೀಸೆಲ್ ಪಂಪನ್ನು ಬಿಚ್ಚಿ ಕಲಬುರಗಿಗೆ ಕಳಿಸಿ ಸರಿಮಾಡಿಸಿ ತರಿಸಿದೆ. ಮತ್ತೆ ಬಂತು. ಮೂರನೇ ಸಲ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ, ಟಾಕಿ ತುಂಬ ಡೀಸೆಲ್ ಹಾಕಿಸಿ, ನಾನೇ ವಾಡಿವರೆಗೆ ಓಡಿಸಿಕೊಂಡು ಹೋಗಿ ಬಂದೆ. ಗಾಡಿ ಎಲ್ಲೂ ಒಮ್ಮೆ ಕೆಮ್ಮಲಿಲ್ಲ. ಗಾಡಿಯ ರಿಪೇರಿ ಕಾರ್ಡಿನ ಮೇಲೆ ಬರೆದೆ: ‘ದೋಷ ಕಂಡುಬಂದಿಲ್ಲ. ಚಾಲಕರು ಏರಿನಲ್ಲಿ ಗೇರ್ ಸರಿಯಾಗಿ ಬಳಸತಕ್ಕದ್ದು.’

ಭೀಮಶಾ ಆ ಕಾರ್ಡನ್ನು ನಿಂತಲ್ಲೇ ಓದಿದರು. ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಗಾಡಿ ಹತ್ತಿ ಹೋದರು.

ನಾಲ್ಕನೇ ಸಲ ಗಾಡಿ ಬಂದಾಗ ಮುಂದಿನ ಸೀಟಿನಿಂದ ಒಬ್ಬ ಹೆಣ್ಣುಮಗಳು ಇಳಿದರು. ಐವತ್ತರ ಆಸುಪಾಸು, ಎತ್ತರದ ಆಳು, ಕೈಯಲ್ಲಿ ಒಂದು ದಪ್ಪ ರಜಿಸ್ಟರ್.

“ಮಿಸ್ತ್ರಿ ಯಾರ್ರಿ ಇಲ್ಲಿ?”

“ನಾನೇರಿ.”

“ಭೀಮಶಾಗ ಗಾಡಿ ಹೊಡಿಲಿಕ್ಕಿ ಬರಂಗಿಲ್ಲ ಅಂತ ಬರ್ದವ್ರು ನೀವೇನ್ರಿ?”

ನರ್ಸ್ ಎಂದರೆ ಇವರೇ ಎಂದು ಆಗ ತಿಳಿಯಿತು. ಸುಶೀಲಾಬಾಯಿ ಮುಂದುವರಿಸಿದರು. ಹಿಂದಿನ ದಿನ ಏರಿನ ನಡುವೆ ಎಂಜಿನ್ ನಿಂತಿತ್ತು. ಗಾಡಿಯಲ್ಲಿ ಉಸಿರುಗಟ್ಟಿದ್ದ ಒಬ್ಬ ಮುದುಕರಿದ್ದರು. ಅವರನ್ನು ಹೊರಸಿನ ಮೇಲೆ ಮಲಗಿಸಿ ನಾಲ್ಕು ಮಂದಿ ಹೊತ್ತುಕೊಂಡು ಹೋಗಬೇಕಾಯಿತು. ಸುಶೀಲಾಬಾಯಿ ಅವರ ಪಕ್ಕದಲ್ಲೇ ಎರಡು ಮೈಲಿ ನಡೆದಿದ್ದರು. ಮುದುಕರು ಉಳಿದರು. “ಅದು ಅವ್ರ ನಸೀಬು. ನಿಮ್ಮ ರಿಪೇರಿಲಿಂದ ಅಲ್ಲ” ಅಂದರು.

ಒಳಗಿನಿಂದ ಇಬ್ರಾಹಿಂ ಸಾಬರು ಬಂದರು. ತಮ್ಮ ಕುರ್ಚಿಯನ್ನೇ ತಂದು ಹಾಕಿದರು. “ಕುಂದ್ರಿ ಬಾಯಿ. ಮೊದಲಿಂದ ಹೇಳ್ರಿ. ನಮಗೇನೂ ಗೊತ್ತಿಲ್ಲ ಅಂತ ತಿಳಕೊಂಡು ಹೇಳ್ರಿ.”

ಸುಶೀಲಾಬಾಯಿ ರಜಿಸ್ಟರಿನ ಕೊನೆಯ ಪುಟ ತೆರೆದರು. ಗರ್ಭಿಣಿಯರ ಹೆಸರು ಬರೆಯುವ ರಜಿಸ್ಟರ್ ಅದು. ಕೊನೆಯ ಪುಟದಲ್ಲಿ ಮಾತ್ರ ಗಾಡಿಯ ಸುದ್ದಿ ಇತ್ತು. ಯಾವ ದಿನ, ಯಾವ ಜಾಗ, ಏರೋ ಇಳಿಜಾರೋ, ಗಾಡಿಯಲ್ಲಿ ಎಷ್ಟು ಮಂದಿ, ಟಾಕಿಯಲ್ಲಿ ಎಷ್ಟು ಡೀಸೆಲ್. ಗುಂಡಗಿನ ಅಕ್ಷರದಲ್ಲಿ ಒಂದರ ಕೆಳಗೆ ಒಂದು.

“ಡೀಸೆಲ್ ಹ್ಯಾಂಗ ಗೊತ್ತಾಯ್ತ್ರಿ? ಮೀಟರಿನ ಮುಳ್ಳು ಕೆಟ್ಟದಲ್ಲ” ಎಂದೆ ನಾನು.

“ಭೀಮಶಾ ದಿನಾ ಬಿದಿರಿನ ಕಡ್ಡಿ ಇಳಿಬಿಟ್ಟು ನೋಡ್ತಾರ. ಎಷ್ಟು ಬೊಟ್ಟು ತೋಯ್ದದ ಅಂತ ನಾ ಬರ್ಕೋತೀನಿ. ಗುಡ್ಡದ ಮ್ಯಾಲ ಡೀಸೆಲ್ ಎಲ್ಲಿ ಸಿಗ್ತದ್ರಿ?”

ಇಬ್ರಾಹಿಂ ಸಾಬರು ಕನ್ನಡಕ ಹಾಕಿಕೊಂಡು, ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದರು. ಹನ್ನೊಂದು ಸಲ ಎಂಜಿನ್ ನಿಂತಿತ್ತು. ಹನ್ನೊಂದು ಸಲವೂ ಡೀಸೆಲ್ ಎಂಟು ಬೊಟ್ಟಿಗಿಂತ, ಅಂದರೆ ಎಂಟು ಬೆರಳಗಲಕ್ಕಿಂತ, ಕಡಿಮೆ ಇತ್ತು.

“ನನಗ ಎಂಜಿನ್ ತಿಳಿಯಂಗಿಲ್ರಿ” ಎಂದರು ಸುಶೀಲಾಬಾಯಿ. ಅವರ ದನಿ ಈಗ ಇಳಿದಿತ್ತು. “ಆದ್ರ ಟಾಕಿ ತುಂಬಿದ ದಿನ ಒಮ್ಮಿನೂ ನಿಂತಿಲ್ಲ. ಜ್ವರದವ್ರಿಗಿ ನಾವು ಹಿಂಗೇ ಬರ್ಕೋತೀವಿ. ಯಾವಾಗ ಏರ್ತದ, ಯಾವಾಗ ಇಳೀತದ. ಬರಕೊಂಡ್ರ ಡಾಕ್ಟರಿಗಿ ಹಾದಿ ಸಿಗ್ತದ.”

ಸಾಬರು ರಜಿಸ್ಟರ್ ಮುಚ್ಚಿ ಎರಡೂ ಕೈಯಿಂದ ಅವರಿಗೆ ಮರಳಿ ಕೊಟ್ಟರು. ನನ್ನ ಕಡೆ ತಿರುಗಿ, “ಟಾಕಿ ಇಳಸ್ರಿ” ಎಂದರು.

ಟಾಕಿಯ ಮೇಲಿನಿಂದ ತಳದವರೆಗೆ ಒಂದು ಸಣ್ಣ ಕಬ್ಬಿಣದ ಪೈಪು ಇಳಿದಿರುತ್ತದೆ. ಎಂಜಿನ್ ಡೀಸೆಲ್ ಹೀರುವುದು ಅದರಿಂದಲೇ. ಮೂರು ಸಲದ ರಿಪೇರಿಯಲ್ಲಿ ನಾನು ಟಾಕಿಯ ಹೊರಗಿನದನ್ನೆಲ್ಲ ನೋಡಿದ್ದೆ, ಒಳಗಿನ ಈ ಪೈಪನ್ನು ನೋಡಿರಲಿಲ್ಲ. ಹೊರತೆಗೆದು ಒರೆಸಿದಾಗಲೂ ಸರಿಯಾಗಿಯೇ ಕಂಡಿತು. ಸಾಬರು ಒಂದು ಬಕೆಟ್ ನೀರು ತರಿಸಿದರು. ಪೈಪಿನ ಕೆಳತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಮೇಲಿನಿಂದ ಊದಲು ನನಗೆ ಹೇಳಿದರು. ಊದಿದೆ. ಪೈಪಿನ ನಡುಮಧ್ಯದಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು.

ತುಕ್ಕು ಹಿಡಿದು ಅಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಟಾಕಿ ತುಂಬಿದ್ದಾಗ ಆ ತೂತು ಡೀಸೆಲ್‌ನಲ್ಲಿ ಮುಳುಗಿರುತ್ತಿತ್ತು, ತೊಂದರೆ ಇಲ್ಲ. ಡೀಸೆಲ್ ಅದಕ್ಕಿಂತ ಕೆಳಗಿಳಿದಾಗ ಪೈಪು ಡೀಸೆಲ್ ಜೊತೆ ಗಾಳಿಯನ್ನೂ ಹೀರುತ್ತಿತ್ತು. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಕೇಳುತ್ತದೆ, ಹೆಚ್ಚು ಗಾಳಿ ಹೋಗುತ್ತದೆ, ಎಂಜಿನ್ ಸತ್ತುಹೋಗುತ್ತದೆ. ಮೂರನೇ ಸಲ ನಾನು ಟಾಕಿ ತುಂಬಿಸಿ ಓಡಿಸಿ ನೋಡಿದ್ದೆ. ದೋಷವನ್ನು ನಾನೇ ಮುಳುಗಿಸಿಟ್ಟು ಹುಡುಕಿದ್ದೆ.

ಭೀಮಶಾ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದರು. ಹೋಗಿ, “ತಪ್ಪಾಯ್ತ್ರಿ” ಎಂದೆ.

“ಗಾಡಿ ನಿಂತಿದ್ದಕ್ಕ ನನಗೇನಿಲ್ರಿ” ಎಂದರು ಅವರು. “ಬಾಯಿಯವ್ರು ಬಿಸಿಲಾಗ ನಡಕೋತ ಹೋದ್ರು. ಅದು ಮನಸಿಗಿ ಹತ್ತಿತ್ತು.” ಕಿಸೆಯಿಂದ ನನ್ನ ಕಾರ್ಡು ತೆಗೆದು ನನ್ನ ಕೈಗೇ ಕೊಟ್ಟರು. ನಾನು ಅದನ್ನು ಹರಿದುಹಾಕಿ, ಟಾಕಿಯೊಳಗೆ ಹೊಸ ಪೈಪು ಕೂರಿಸಲು ಹೋದೆ.

ದೋಷ ಸಿಕ್ಕ ಖುಷಿಗೆ ಅಂದು ನಾನು ಹಾರಾಡುತ್ತಿದ್ದೆ ಎಂದೇ ಹೇಳಬೇಕು. ಕಂಡುಹಿಡಿದವರು ಸುಶೀಲಾಬಾಯಿ. ಆದರೂ ಖುಷಿ ನನ್ನದೇ ಎಂಬಂತೆ ಇತ್ತು. ಅದೇ ಖುಷಿಯಲ್ಲಿ, ಅದೇ ಮಧ್ಯಾಹ್ನ, ದೊಡ್ಡ ತಪ್ಪು ಮಾಡಿದೆ.

ಟಾಕಿ ಇಳಿಸಿದ್ದರಿಂದ ಅದರ ಹಿಂದಿನ ಬ್ರೇಕ್ ಪೈಪು ಕಾಣುತ್ತಿತ್ತು. ಪೆಡಲ್ ಒತ್ತಿದರೆ ಬ್ರೇಕ್ ಎಣ್ಣೆಯ ಒತ್ತಡವನ್ನು ಗಾಲಿಗಳವರೆಗೆ ಒಯ್ಯುವ ಉಕ್ಕಿನ ಪೈಪು ಅದು, ಪೆನ್ಸಿಲ್‌ಗಿಂತ ಸಣ್ಣದು. ಒಂದು ಕ್ಲಿಪ್ಪಿನ ಹತ್ತಿರ ಕೆಂಪಗೆ ತುಕ್ಕು ಎದ್ದಿತ್ತು. ತಂತಿಯ ಬ್ರಷ್ಷಿನಿಂದ ಉಜ್ಜಿದೆ. ಪದರ ಪದರವಾಗಿ ಉದುರಿತು. ಬದಲಿಸಬೇಕೇ ಎಂಬ ಯೋಚನೆ ಬಂದದ್ದು ನಿಜ. ಬದಲಿಸಬೇಕೆಂದರೆ ಗಾಡಿ ಇನ್ನೆರಡು ದಿನ ನಿಲ್ಲಬೇಕು, ಹೊರಗೆ ಸುಶೀಲಾಬಾಯಿ ಕಾಯುತ್ತಿದ್ದಾರೆ. ಉಜ್ಜಿದ ಜಾಗಕ್ಕೆ ಕರಿ ಬಣ್ಣ ಬಳಿದೆ. ಹೊಸದರಂತೆ ಹೊಳೆಯಿತು. ಕಾರ್ಡಿನಲ್ಲಿ, ‘ಬ್ರೇಕ್ ಪೈಪು ಪರೀಕ್ಷಿಸಿದೆ, ಸರಿ ಇದೆ’ ಎಂದು ಬರೆದೆ. ಇಬ್ರಾಹಿಂ ಸಾಬರು ನನ್ನ ಮೇಲಿನ ಭರವಸೆಯಿಂದ ಅದಕ್ಕೆ ಸಹಿ ಹಾಕಿದರು.

ಮೂರು ವಾರ ಕಳೆದಿರಬೇಕು. ಊಟ ಮುಗಿಸಿ ಬಂದು ಕೈ ಒರೆಸಿಕೊಳ್ಳುತ್ತಿದ್ದೆ. ಆಫೀಸಿನ ಫೋನು ರಿಂಗಾಯಿತು. ಸಾಬರು ಇರಲಿಲ್ಲ, ನಾನೇ ಎತ್ತಿದೆ. ಆ ಕಡೆ ಭೀಮಶಾ, ಗುಡ್ಡದ ಕೆಳಗಿನ ಹಳ್ಳಿಯ ಅಂಗಡಿಯಿಂದ.

“ಇಳಿಜಾರಿನಾಗ ಬ್ರೇಕ್ ಹೋಯ್ತ್ರಿ. ಯಾರಿಗೂ ಏನೂ ಆಗಿಲ್ಲ. ಬಾಯಿಯವ್ರು ಗಾಡ್ಯಾಗೇ ಹೆರಿಗಿ ಮಾಡಿಸ್ಲಿಕತ್ತಾರ. ನೀರು ಒಯ್ಯಬೇಕು. ಆಮ್ಯಾಲ ಮಾತಾಡ್ತೀನ್ರಿ.”

ಫೋನಿಟ್ಟರು. ಆ ಪೈಪು, ಆ ಕರಿ ಬಣ್ಣ ಕಣ್ಣ ಮುಂದೆ ಬಂದವು. ಬೇರೆ ಏನೋ ಕೆಟ್ಟಿರಬಹುದು, ಪೆಡಲಿನ ಹತ್ತಿರದ ಸಿಲಿಂಡರ್ ಇರಬಹುದು ಎಂದು ಮನಸ್ಸು ದಾರಿ ಹುಡುಕುತ್ತಿತ್ತು. ಆದರೆ ನನಗೆ ಗೊತ್ತಿತ್ತು.

ನಡೆದದ್ದನ್ನು ಮರುದಿನ ನಾವು ಅಲ್ಲಿಗೆ ಹೋದಾಗ ಭೀಮಶಾ ಹೇಳಿದರು. ಗುಡ್ಡದ ಮೇಲಿನ ತಾಂಡಾದಿಂದ ಸೋನಾಬಾಯಿ ಎಂಬ ಹೆಂಗಸನ್ನು ಹೆರಿಗೆಗೆ ಚಿಂಚೋಳಿಗೆ ಕರೆತರುತ್ತಿದ್ದರು. ಮೊದಲ ಹೆರಿಗೆ. ಜೊತೆಗೆ ಆಕೆಯ ಅತ್ತೆ. ಆ ಗಾಡಿಯಲ್ಲಿ ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್ ಇತ್ತು. ಅದನ್ನು ಹಾಕಿದರೆ ನಾಲ್ಕೂ ಗಾಲಿಗೆ ಬಲ ಹೋಗಿ ಗಾಡಿ ಎತ್ತು ನಡೆದಷ್ಟೇ ನಿಧಾನಕ್ಕೆ ಹೋಗುತ್ತದೆ. ಏರು ಹತ್ತಲು ಎಲ್ಲರೂ ಬಳಸುತ್ತಿದ್ದರು. ಭೀಮಶಾ ಇಳಿಯುವಾಗಲೂ ಬಳಸುತ್ತಿದ್ದರು. ಗುಡ್ಡದ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿ, ಆ ಲಿವರ್ ಹಾಕಿ, ಮೊದಲ ಗೇರಿನಲ್ಲಿ ಇಳಿಯುವುದು. ಹೊತ್ತಾಗುತ್ತದೆ ಎಂದು ಬೇರೆ ಡ್ರೈವರುಗಳು ನಗುತ್ತಿದ್ದರಂತೆ. ಅವರು ಆ ರೂಢಿ ಬಿಟ್ಟಿರಲಿಲ್ಲ.

ಎರಡನೇ ತಿರುವಿನ ಮುಂಚೆ ಪೆಡಲ್ ಒತ್ತಿದರು. ಅದು ನೆಲಕ್ಕೆ ಹತ್ತಿತು. ಮತ್ತೆ ಒತ್ತಿದರು, ಖಾಲಿ. ಹಳೆಯ ಗಾಡಿ, ನಾಲ್ಕೂ ಗಾಲಿಗೆ ಒಂದೇ ಎಣ್ಣೆಯ ದಾರಿ. ಒಂದು ಕಡೆ ಒಡೆದರೆ ಎಲ್ಲ ಹೋದಂತೆ. ಎಡಕ್ಕೆ ಕಂದರ, ಬಲಕ್ಕೆ ಮಣ್ಣಿನ ದಿಬ್ಬ.

“ಹಿಂದಿನವ್ರಿಗಿ ಹೇಳಿದ್ರೇನ್ರಿ?” ಎಂದು ಕೇಳಿದೆ.

“ಬಾಯಿಯವ್ರಿಗಿ ಅಷ್ಟೇ. ‘ಬಾಯಿ, ಗಟ್ಟಿ ಹಿಡ್ಕೋರಿ, ಗಾಡಿ ನಿಲ್ಲಸ್ತೀನಿ’ ಅಂದೆ. ಯಾಕ ಅಂತ ಅವ್ರೂ ಕೇಳ್ಲಿಲ್ಲ. ಸೋನಾಬಾಯಿನ ತೋಳಾಗ ಹಿಡ್ಕೊಂಡ್ರು.”

ಎಂಜಿನ್ ಬಂದ್ ಮಾಡಲಿಲ್ಲ, ಗೇರ್ ಬಿಡಲಿಲ್ಲ. ಮೆಲ್ಲಗೆ ಬಲಕ್ಕೆ ತಿರುಗಿಸಿ, ಮುಂದಿನ ಗಾಲಿಯನ್ನು ದಿಬ್ಬದ ಮೆತ್ತನೆಯ ಮಣ್ಣಿಗೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದರು. ಗಾಡಿ ಒರಗಿ ನಿಂತಿತು. ಗಾಲಿಗಳಿಗೆ ಕಲ್ಲು ಕೊಟ್ಟರು. ಇನ್ನೊಂದು ಗಾಡಿ ಬರುವವರೆಗೆ ಸೋನಾಬಾಯಿಗೆ ತಡೆಯಲಾಗಲಿಲ್ಲ. ಸುಶೀಲಾಬಾಯಿ ತಮ್ಮ ಪೆಟ್ಟಿಗೆ ಬಿಚ್ಚಿ, ಅತ್ತೆಯ ಸೀರೆಯನ್ನು ಅಡ್ಡ ಕಟ್ಟಿಸಿ, ಆ ಓರೆಯಾಗಿ ನಿಂತ ಗಾಡಿಯಲ್ಲೇ ಹೆರಿಗೆ ಮಾಡಿಸಿದರು. ಹೆಣ್ಣುಕೂಸು. ತಾಯಿ, ಕೂಸು ಇಬ್ಬರೂ ಕ್ಷೇಮ.

ಮರುದಿನ ಬೆಳಿಗ್ಗೆ ಇಬ್ರಾಹಿಂ ಸಾಬರೂ ನಾನೂ ಚಿಂಚೋಳಿ ಬಸ್ಸು ಹಿಡಿದೆವು. ಸೇಡಂ ದಾಟಿದ ಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ತುಕ್ಕು ಕಂಡದ್ದು, ಉಜ್ಜಿದ್ದು, ಬಣ್ಣ ಬಳಿದದ್ದು, ಬದಲಿಸಬೇಕೆಂಬ ಯೋಚನೆ ಬಂದೂ ಬಿಟ್ಟದ್ದು. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು. ಸುಲೇಪೇಟ ಬರುವವರೆಗೆ ಸುಮ್ಮನಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಒಡೆದದ್ದು ಅಲ್ಲೇ ಅಂತ ನಿಮಗ ಹ್ಯಾಂಗ ಗೊತ್ತು?” ಎಂದರು ಕೊನೆಗೆ.

“ಗೊತ್ತದ್ರಿ.”

“ಇಲ್ಲ, ಗೊತ್ತಿಲ್ಲ. ನೋಡಿದ ಮ್ಯಾಲ ಗೊತ್ತಾಗ್ತದ. ಈ ಸಲರ ನೋಡಿ ಹೇಳ್ರಿ.”

ಗಾಡಿ ಇನ್ನೂ ದಿಬ್ಬಕ್ಕೆ ಒರಗಿಯೇ ನಿಂತಿತ್ತು. ಕೆಳಗೆ ಹೊಕ್ಕೆ. ಒಡೆದದ್ದು ಅಲ್ಲೇ. ನನ್ನ ಕರಿ ಬಣ್ಣದ ಪಟ್ಟಿಯ ನಡುವೆ, ಕ್ಲಿಪ್ಪಿನ ಅಂಚಿನಲ್ಲಿ, ಪೈಪು ಉದ್ದಕ್ಕೆ ಸೀಳಿತ್ತು. ಬೆರಳಿನಿಂದ ಒತ್ತಿದರೆ ಉಳಿದದ್ದೂ ಬಿಸ್ಕತ್ತಿನಂತೆ ಮುರಿಯಿತು. ಒಂದು ವಿಚಿತ್ರವೂ ಕಂಡಿತು. ಮೂರು ಮೊಳದ ಆಚೆ ಅದೇ ಪೈಪು ಗಟ್ಟಿಮುಟ್ಟಾಗಿತ್ತು. ಈ ಒಂದು ಜಾಗ ಮಾತ್ರ ಕೊಳೆತಿತ್ತು. ಮೇಲೆ ಚಾಸಿಯ ಚೌಕಟ್ಟಿಗೆ ಬಿಳಿಯ ಹೆಕ್ಕಳೆ ಮೆತ್ತಿತ್ತು. ಕೆರೆದು ಮೂಸಿದೆ. ಮೂಗು ಸುಟ್ಟಂತಾಯಿತು.

ಸಾಬರೂ ಬಿಳಿ ಅಂಗಿಯಲ್ಲೇ ನನ್ನ ಪಕ್ಕ ಬಂದು ಮಲಗಿದರು. ಮಣ್ಣಿನಲ್ಲಿ. ಅವರೂ ಮೂಸಿದರು. ಅಲ್ಲಿಂದಲೇ ಕೂಗಿ ಕೇಳಿದರು. “ಬಾಯಿ, ಹಿಂದಿನ ಸೀಟಿನ ತೆಳಗ ಏನಿಡ್ತೀರ್ರಿ?”

“ಬ್ಲೀಚಿಂಗ್ ಪೌಡರ್ ಚೀಲ” ಎಂದರು ಸುಶೀಲಾಬಾಯಿ. “ಬಾವಿಗಿ ಹಾಕ್ಲಿಕ್ಕ. ಪ್ರತಿ ಹಳ್ಳಿಗಿ ಒಯ್ಯಬೇಕಲ್ಲ.”

ಚೀಲದಿಂದ ಸೋರಿದ ಪುಡಿ ನೆಲದ ತಗಡಿನ ತೂತಿನಿಂದ ಉದುರಿ ನೇರವಾಗಿ ಆ ಕ್ಲಿಪ್ಪಿನ ಮೇಲೆ ಬೀಳುತ್ತಿತ್ತು. ಹಳ್ಳ ದಾಟುವಾಗ ನೀರು ತಾಗುತ್ತಿತ್ತು. ಪುಡಿಯೂ ನೀರೂ ಸೇರಿ ಉಕ್ಕನ್ನು ತಿಂದಿದ್ದವು. ಸುಶೀಲಾಬಾಯಿಯ ಮುಖ ಬಾಡಿತು.

“ಹಂಗಾದ್ರ ನಂದೇ ತಪ್ಪಾಯ್ತಲ್ರಿ.”

“ಅಲ್ರಿ ಬಾಯಿ” ಎಂದೆ. ಆ ಮಾತು ಹೇಳದೆ ಇರಲು ನನ್ನಿಂದ ಆಗಲಿಲ್ಲ. “ತುಕ್ಕು ನನಗ ಕಂಡಿತ್ತು. ನಾ ಅದರ ಮ್ಯಾಲ ಬಣ್ಣ ಹಚ್ಚಿದೆ. ಸರಿ ಅದ ಅಂತ ಬರ್ದೆ.”

ಭೀಮಶಾ ಬೇರೆ ಕಡೆ ನೋಡಿದರು. “ಹೇಳಿದ್ರಲ್ಲ, ಚಲೋ ಆಯ್ತು” ಎಂದರು ಸುಶೀಲಾಬಾಯಿ. “ನಮ್ಮ ಕೆಲಸದಾಗೂ ಮುಚ್ಚಿಟ್ಟದ್ದೇ ಭಾಳ ಕೊಲ್ತದ.”

ಸಾಬರು ವರದಿ ಬರೆದರು. ತಪ್ಪಿಗೆ ಹೊಣೆ ಎಂಬಲ್ಲಿ ಮೊದಲು ತಮ್ಮ ಹೆಸರು, ಅದರ ಕೆಳಗೆ ನನ್ನದು. ನಾನು ಬೇಡವೆಂದೆ. “ನೋಡದೇ ಸಹಿ ಹಾಕಿದವ್ನು ನಾನಲ್ಲೇನ್ರಿ?” ಎಂದರು. ಇಬ್ಬರಿಗೂ ಎಚ್ಚರಿಕೆಯ ಪತ್ರ ಬಂತು. ಅವರ ಸೇವೆಯಲ್ಲಿ ಅದು ಮೊದಲನೆಯದು, ಕೊನೆಯದೂ ಅದೇ. ಅವರು ನಿವೃತ್ತರಾಗಲು ಆಗ ಒಂದು ವರ್ಷವೂ ಉಳಿದಿರಲಿಲ್ಲ. ಆ ಪತ್ರವನ್ನು ಓದಿ, ಸಹಿ ಮಾಡಿ, ಫೈಲಿನಲ್ಲಿಟ್ಟು, ಚಹಾ ತರಿಸಿದರು. ನನಗೂ ಒಂದು ಕಪ್ಪು ಕೊಟ್ಟರು. ಅವರ ಬಗ್ಗೆ ನನಗಿರುವ ಗೌರವ ಎಂಥದ್ದು ಎಂದು ಇದಕ್ಕಿಂತ ಹೆಚ್ಚಾಗಿ ಬರೆಯಲಾರೆ.

ಗಾಡಿಯನ್ನು ಎಳೆಸಿ ಶಹಾಬಾದಿಗೆ ತಂದೆವು. ಕೆಟ್ಟ ತುಂಡನ್ನು ಮಾತ್ರ ಕತ್ತರಿಸಿ ಜೋಡಿಸುವುದು ಆಗಿನ ರೂಢಿ. ಸಾಬರು ಒಪ್ಪಲಿಲ್ಲ. ಪೆಡಲಿನಿಂದ ಹಿಂದಿನ ಗಾಲಿಯವರೆಗೆ ಒಂದೇ ಹೊಸ ಪೈಪು. ಇಂಥ ಪೈಪಿನ ತುದಿಯನ್ನು ಹೂವಿನಂತೆ ಅರಳಿಸಿ ನಟ್ಟಿನೊಳಗೆ ಕೂರಿಸಬೇಕು. ಅರಳಿಸುವಾಗ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸೋರುತ್ತದೆ. ನಾನು ಅರಳಿಸಿದ ಮೊದಲ ಎರಡು ತುದಿಗಳನ್ನು ಸಾಬರು ಭೂತಗನ್ನಡಿಯಲ್ಲಿ ನೋಡಿ ಕತ್ತರಿಸಿ ಬಿಸಾಕಿಸಿದರು. ಮೂರನೆಯದನ್ನು ಒಪ್ಪಿದರು. ಪೈಪನ್ನು ಚಾಸಿಯ ಇನ್ನೊಂದು ಮಗ್ಗುಲಿಗೆ ಹಾಯಿಸಿದೆವು. ನೆಲದ ತಗಡಿಗೆ ತೇಪೆ ಹಾಕಿ, ಪುಡಿ ಇಡಲು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಟ್ಟೆವು. ಕಡೆಗೆ ಸಾಬರು ತಾವೇ ಸೀಟಿನಲ್ಲಿ ಕೂತು, ಎರಡೂ ಕಾಲು ಸೇರಿಸಿ ಪೆಡಲನ್ನು ಒತ್ತಿ ಹಿಡಿದರು. ನಾನು ಕೆಳಗೆ ಮಲಗಿ ಒಂದೊಂದು ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿದೆ. ಬಟ್ಟೆ ಒಣಗಿಯೇ ಇತ್ತು.

ಆ ವಾರವೇ ನಮ್ಮಲ್ಲಿಗೆ ಬರುವ ಎಲ್ಲ ಹಳೆಯ ಗಾಡಿಗಳ ಬ್ರೇಕ್ ಪೈಪುಗಳನ್ನು, ಕ್ಲಿಪ್ಪು ಬಿಚ್ಚಿ, ಮೊನಚಾದ ಸಲಾಕೆಯಿಂದ ಒತ್ತಿ ನೋಡುವುದೆಂದು ಸಾಬರು ಆದೇಶ ಹೊರಡಿಸಿದರು. ವಾಡಿಯ ಒಂದು ಗಾಡಿಯಲ್ಲಿ, ಚಿತ್ತಾಪುರದ ಇನ್ನೊಂದರಲ್ಲಿ ಸಲಾಕೆ ಒಳಗೇ ಇಳಿಯಿತು. ಎರಡರ ಮೇಲೂ ಮೇಲ್ನೋಟಕ್ಕೆ ಒಂದಿಷ್ಟು ಮಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕ್ಲಿಪ್ಪಿನ ಕೆಳಗೆ ಹಸಿ ಮಣ್ಣು ತುಂಬಿಕೊಂಡು, ಒಣಗದೆ, ಒಳಗೊಳಗೇ ತಿಂದಿತ್ತು.

ಈಗಿನವರಿಗೆ ಒಳ್ಳೆಯ ಸಾಧನಗಳಿವೆ. ವೈರು ಚುಚ್ಚಿದರೆ ಎಂಜಿನ್ ತನ್ನ ನೋವನ್ನು ತಾನೇ ಹೇಳುತ್ತದೆ. ತುಕ್ಕು ಹಿಡಿಯದ ಪೈಪು ಬಂದಿದೆ, ಬ್ರೇಕಿಗೆ ಎರಡು ಬೇರೆ ಬೇರೆ ದಾರಿ ಇದೆ. ನನ್ನ ಕೊನೆಯ ವರ್ಷಗಳಲ್ಲಿ ಹೊಸಬರು ಅವನ್ನೆಲ್ಲ ಬಳಸುವುದನ್ನು ಅಚ್ಚರಿಯಿಂದ ನೋಡಿದ್ದೇನೆ, ಅವರಿಂದ ಕಲಿತಿದ್ದೇನೆ ಕೂಡ. ಆದರೆ ಟಾಕಿ ತುಂಬಿದ ದಿನ ಗಾಡಿ ನಿಲ್ಲುವುದಿಲ್ಲ ಎಂದು ಯಾವ ಯಂತ್ರವೂ ಬರೆದಿಟ್ಟುಕೊಳ್ಳುವುದಿಲ್ಲ. ಗಾಡಿಯಲ್ಲಿ ದಿನವೂ ಕೂತು ಹೋಗುವವರನ್ನು ಕೂಡಿಸಿ ಕೇಳಿರಿ. ತುಕ್ಕಿನ ಮೇಲೆ ಬಣ್ಣ ಬಳಿಯಬೇಡಿರಿ. ನನಗೆ ಹೇಳಲು ಗೊತ್ತಿರುವುದು ಇಷ್ಟೇ.

ಗಾಡಿ ಸಿದ್ಧವಾದ ದಿನ ಭೀಮಶಾ ಒಯ್ಯಲು ಬಂದರು. ಸಾಬರು ನನಗೆ, “ನೀವೂ ಹೋಗ್ರಿ. ಗುಡ್ಡದ ಮ್ಯಾಲಿಂದ ತೆಳಗ ಬರೋತನಕ ಗಾಡ್ಯಾಗೇ ಕುಂದರ್ರಿ” ಎಂದರು. ಶಿಕ್ಷೆ ಎಂದೇ ತಿಳಿದು ಹತ್ತಿದೆ. ಚಿಂಚೋಳಿಯಲ್ಲಿ ಸುಶೀಲಾಬಾಯಿ ತಮ್ಮ ಪೆಟ್ಟಿಗೆಯೊಂದಿಗೆ ಬಂದು ಹಿಂದೆ ಕೂತರು. ಬ್ರೇಕ್ ಸರಿಯಾಗಿದೆಯೇ ಎಂದು ಕೇಳಲಿಲ್ಲ.

ತಾಂಡಾದಲ್ಲಿ ಅವರ ಕೆಲಸ ಮುಗಿಯುವ ಹೊತ್ತಿಗೆ ಸೋನಾಬಾಯಿ ಕೂಸನ್ನು ಎದೆಗವಚಿಕೊಂಡು ಗಾಡಿಯ ಹತ್ತಿರ ಬಂದಳು. ಕೂಸಿನ ಕಣ್ಣು ಹಳದಿಯಾಗಿದೆ, ಡಾಕ್ಟರಿಗೆ ತೋರಿಸಬೇಕು ಎಂದು ಸುಶೀಲಾಬಾಯಿಯೇ ಹೇಳಿದ್ದರು. ಅತ್ತೆ ಆಕೆಯ ಹಿಂದೆ ನಿಂತು ಗಾಡಿಯನ್ನು ಅನುಮಾನದಿಂದ ನೋಡುತ್ತಿದ್ದಳು. ನಾನು ಕೆಳಗಿಳಿದೆ.

“ತಾಯಿ, ಅವತ್ತು ಬ್ರೇಕ್ ಹೋಗಿದ್ದು ನನ್ನ ತಪ್ಪಿಲಿಂದ. ನಾನೇ ಈ ಗಾಡಿ ರಿಪೇರಿ ಮಾಡಾಂವ.”

ಸುಶೀಲಾಬಾಯಿ ತಡೆಯಲಿಲ್ಲ. ಸೋನಾಬಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಇಪ್ಪತ್ತು ವರ್ಷವಿದ್ದೀತು ಆಕೆಗೆ.

“ಈಗ ಸರಿ ಮಾಡೀರೇನ್ರಿ?”

“ಮಾಡೀನಿ.”

“ನೀವೂ ಇದರಾಗೇ ಬರ್ತೀರೇನು?”

“ಬರ್ತೀನಿ, ತಾಯಿ.”

“ಮತ್ತ ನಡೀರಿ” ಎಂದು ಆಕೆ ಹತ್ತಿ ಕೂತಳು. ಅತ್ತೆಯೂ ಹತ್ತಿದಳು.

ಗುಡ್ಡದ ನೆತ್ತಿಯಲ್ಲಿ ಭೀಮಶಾ ಗಾಡಿ ನಿಲ್ಲಿಸಿ ಸಣ್ಣ ಲಿವರ್ ಹಾಕಿದರು. ಇಳಿಯತೊಡಗಿದೆವು. ನಾನು ಮುಂದಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದೆ. ದಿಬ್ಬದ ಮಣ್ಣಿನಲ್ಲಿ ಗಾಲಿ ಹೊಕ್ಕ ಗುರುತು ಇನ್ನೂ ಇತ್ತು. ಅದರ ಎದುರಿಗೆ ಬಂದಾಗ ಭೀಮಶಾ ಪೆಡಲಿನ ಮೇಲೆ ಕಾಲಿಟ್ಟು ಮೆತ್ತಗೆ ಒತ್ತಿದರು. ಗಾಡಿ ನಿಂತಿತು. ಎಷ್ಟು ಸಮಾಧಾನವಾಗಿ ನಿಂತಿತೆಂದರೆ, ಸೋನಾಬಾಯಿಯ ಮಡಿಲಲ್ಲಿ ಮಲಗಿದ್ದ ಕೂಸು ಎಚ್ಚರಾಗಲಿಲ್ಲ.